ಬಲಗೆನ್ನೆಯ ಹನ್ನೆರಡು ವಾರ

ತೊಂದರೆ ಶುರುವಾದದ್ದು ಡಿಪೋದ ನೋಟೀಸ್ ಬೋರ್ಡಿನಲ್ಲಿ ಒಂದೇ ಪಿನ್ನಿಗೆ ನೇತಾಡುತ್ತಿದ್ದ ಅರ್ಧ ಹಾಳೆಯಿಂದ. ಉಳಿದರ್ಧ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಆ ಡಿಪೋದಲ್ಲಿ ಯಾವ ಕಾಗದವೂ ಪೂರ್ತಿಯಾಗಿ ಒಂದು ದಿನ ಬದುಕಿದ್ದಿಲ್ಲ. ಒಬ್ಬ ಗ್ರೀಸ್ ಒರೆಸಿಕೊಳ್ಳಲು ಹರಿದರೆ ಇನ್ನೊಬ್ಬ ಬಿಸಿ ಲೋಟ ಹಿಡಿಯಲು ಹರಿಯುತ್ತಾನೆ. ಉಳಿದಿದ್ದ ಭಾಗದಲ್ಲಿ ಇಷ್ಟಿತ್ತು: ‘ಎ.ಸಿ. ಇರುವ, ಕಪ್ಪು ಗಾಜಿನ ಹೊಸ ಬಸ್ಸೊಂದು ಬಂದಿರುತ್ತದೆ. ಅದಕ್ಕೆ ಒಬ್ಬ ಚಾಲಕರನ್ನು ಆರಿಸಲಾಗುವುದು. ಇಷ್ಟವಿರುವವರು ಈ ದಿನ ಸಂಜೆ ನಾಲ್ಕು ಗಂಟೆಗೆ ಮ್ಯಾನೇಜರ್ ಕೊಠಡಿಗೆ ಬರತಕ್ಕದ್ದು. ಚರ್ಮದ ಡಾಕ್ಟರು ಮುಖವನ್ನು ಪರೀಕ್ಷಿಸಿ’

ಅಲ್ಲಿಗೆ ಹಾಳೆ ಮುಗಿದಿತ್ತು.

“ಪರೀಕ್ಷಿಸಿ ಏನ್ ಮಾಡ್ತಾರಂತೆ?” ಎಂದು ಚಂದ್ರಣ್ಣ ಕೇಳಿದ.

“ಇನ್ನೇನ್ ಮಾಡ್ತಾರೆ, ಮುಖ ಚೆನ್ನಾಗಿರೋರಿಗೆ ಬಸ್ ಕೊಡ್ತಾರೆ,” ಎಂದ ಅವನ ಕಂಡಕ್ಟರ್. ಗೊತ್ತಿರುವ ವಿಷಯವಾದರೆ ಸ್ವಲ್ಪ ಯೋಚಿಸಿ ಹೇಳುವುದು, ಗೊತ್ತಿಲ್ಲದ್ದನ್ನು ಕೇಳಿದ ಕೂಡಲೇ ಹೇಳಿಬಿಡುವುದು ಈ ಕಂಡಕ್ಟರನ ಸ್ವಭಾವ. “ಹೊಸ ಬಸ್ಸು, ಹೊಸ ಗಾಜು. ಅದರ ಹಿಂದೆ ಹಳೇ ಮುಖ ಕೂರಿಸ್ತಾರಾ? ನೀನೇ ಹೇಳು.”

ಚಂದ್ರಣ್ಣನ ಕೈ ತಾನಾಗಿಯೇ ಬಲಗೆನ್ನೆಗೆ ಹೋಯಿತು.

ಚಂದ್ರಣ್ಣ ಎನ್ನುವುದು ಅವನ ಹೆಸರಲ್ಲ. ಡಿಪೋದವರು ಅವನಿಗೆ ಇಟ್ಟ ಹೆಸರು ಅರ್ಧಚಂದ್ರ. ಎದುರಿಗೆ ಕರೆಯುವಾಗ ಮರ್ಯಾದೆಗೆ ಚಂದ್ರಣ್ಣ ಎನ್ನುತ್ತಿದ್ದರು. ಹದಿನೆಂಟು ವರ್ಷದಿಂದ ಒಂದೇ ಸೀಟಿನಲ್ಲಿ, ಬಲಗಡೆಯ ಕಿಟಕಿಗೆ ಅಂಟಿಕೊಂಡು ಬಸ್ಸು ಓಡಿಸಿದ್ದರ ಫಲ ಅದು. ಅವನ ಎಡಗೆನ್ನೆಗೆ ನಲವತ್ತನಾಲ್ಕು ವರ್ಷ, ಅಂದರೆ ಅವನದೇ ವಯಸ್ಸು. ಬಲಗೆನ್ನೆಗೆ ಅರವತ್ತನಾಲ್ಕು. ಎಡಗಡೆ ನುಣ್ಣಗೆ, ಬಲಗಡೆ ತೊಳೆದು ಹಿಂಡಿ ಕೊಡವದೆ ಬಿಟ್ಟ ಪಂಚೆಯ ಹಾಗೆ ಸುಕ್ಕು, ಮೇಲೆ ಕಂದು ಚುಕ್ಕೆ, ಕಣ್ಣಿನ ಕೆಳಗೆ ಜೋತುಬಿದ್ದ ಚೀಲ. ಎಡಗಡೆ ನಿಂತು ಮಾತಾಡಿಸಿದವರು ‘ಏನಯ್ಯಾ’ ಎನ್ನುತ್ತಿದ್ದರು, ಬಲಗಡೆ ನಿಂತವರು ‘ಏನು ಯಜಮಾನರೇ’ ಎನ್ನುತ್ತಿದ್ದರು.

ಇದನ್ನೆಲ್ಲ ಅವನು ನಕ್ಕು ಸಹಿಸಿಕೊಂಡೇ ಬಂದಿದ್ದ. ಆದರೆ ಹೋದ ತಿಂಗಳು ಮಗಳ ಶಾಲೆಯಲ್ಲಿ ಹೆತ್ತವರ ಸಭೆ ಇತ್ತು. ಟೀಚರಮ್ಮ ಅವನ ಬಲಗಡೆಯ ಬಾಗಿಲಿನಿಂದ ಒಳಗೆ ಬಂದು, ನೋಡಿ, “ಓ, ಇವತ್ತು ತಾತ ಬಂದಿದಾರಾ? ಅಪ್ಪನಿಗೆ ಬಿಡುವಾಗಲಿಲ್ವಾ ಪುಟ್ಟಿ?” ಎಂದು ಕೇಳಿಬಿಟ್ಟರು. ಒಂಬತ್ತು ವರ್ಷದ ಮಗಳು ತಲೆ ತಗ್ಗಿಸಿ, “ಇಲ್ಲ ಮಿಸ್, ಅಪ್ಪನಿಗೆ ಡ್ಯೂಟಿ,” ಎಂದಳು. ಆ ಮಾತು ಚಂದ್ರಣ್ಣನ ಎದೆಗೆ ನಾಟಿತು. ಮನೆಗೆ ಬರುವ ದಾರಿಯಲ್ಲಿ ಮಗಳು ಅವನ ಎಡಗೈಯನ್ನೇ ಹಿಡಿದುಕೊಂಡು, “ಮುಂದಿನ ಸಲ ಗೋಡೆ ಪಕ್ಕ ಕೂತ್ಕೋಪ್ಪ. ಮಿಸ್‌ಗೆ ಈ ಕಡೆ ಮಾತ್ರ ಕಾಣೋ ಹಾಗೆ,” ಎಂದು ಮೆಲ್ಲಗೆ ಹೇಳಿದ್ದಳು. ಮುಂದಿನ ಸಭೆ ನಾಳೆ ಇತ್ತು.

ಅದಕ್ಕೇ ಅವನಿಗೆ ಆ ಕಪ್ಪು ಗಾಜಿನ ಬಸ್ಸು ಬೇಕಾಗಿತ್ತು. ಬಿಸಿಲು ತಾಗದ ಸೀಟಿನಲ್ಲಿ ಕೂತರೆ ಬಲಗೆನ್ನೆಯ ವಯಸ್ಸು ಕಡಿಮೆಯಾಗದಿದ್ದರೂ ಪರವಾಗಿಲ್ಲ, ಮುಂದಕ್ಕಾದರೂ ಹೋಗುವುದಿಲ್ಲ. ಎಡಗೆನ್ನೆ ನಿಧಾನವಾಗಿ ನಡೆದು ಬಂದು ಅದನ್ನು ಸೇರಿಕೊಳ್ಳಬಹುದು.

“ಈಗ ಬೆಳಿಗ್ಗೆ ಏಳು ಗಂಟೆ. ನಾಲ್ಕರೊಳಗೆ ಈ ಕೆನ್ನೆಗೆ ಏನಾದ್ರೂ ಮಾಡಕ್ಕಾಗುತ್ತಾ?” ಎಂದ.

“ಆಗುತ್ತೆ,” ಎಂದ ಕಂಡಕ್ಟರ್. “ಆವತ್ತು ಆಹಾರದ ಮೇಡಂ ಬಂದು ಹೇಳಿದ್ರಲ್ಲ.”

ಆಹಾರದ ಮೇಡಂ ಎಂದರೆ ಮೂರು ವಾರದ ಹಿಂದೆ ಡಿಪೋದ ಶೆಡ್ಡಿನಲ್ಲಿ ಎಂಬತ್ತು ಮಂದಿ ಚಾಲಕರ ಮುಂದೆ ಭಾಷಣ ಮಾಡಿ ಹೋದ ಆಹಾರತಜ್ಞೆ. ಕಿಟಕಿಯ ಗಾಜು ಬಿಸಿಲಿನ ಎಲ್ಲ ಕಿರಣಗಳನ್ನೂ ತಡೆಯುವುದಿಲ್ಲ, ಚರ್ಮದ ಒಳಪದರಕ್ಕೆ ಇಳಿದು ಸುಕ್ಕು ತರುವ ಕಿರಣ ಗಾಜಿನ ಮೂಲಕವೂ ಬರುತ್ತದೆ ಎಂದು ಅವರು ವಿವರಿಸಿದ್ದರು. ಎಣ್ಣೆಯಲ್ಲಿ ಬೇಯಿಸಿದ ಟೊಮೆಟೊ, ಕ್ಯಾರೆಟ್, ಸೊಪ್ಪು, ಸಕ್ಕರೆ ಹಾಕದ ಕೋಕೋ, ಇವುಗಳಲ್ಲಿರುವ ಬಣ್ಣದ ಅಂಶಗಳು ಚರ್ಮಕ್ಕೆ ಒಳಗಿನಿಂದ ಒಂದಿಷ್ಟು ಆಸರೆ ಕೊಡಬಹುದು. ಮೊಸರು, ನಾರು ಇರುವ ಕಾಳು, ಹುಳಿ ಬರಿಸಿದ ತರಕಾರಿ ತಿಂದರೆ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಚೆನ್ನಾಗಿರುತ್ತವೆ, ಅವು ಚೆನ್ನಾಗಿದ್ದರೆ ಮೈಯ ಉರಿಯೂತ ಕಡಿಮೆಯಾಗಿ ಚರ್ಮಕ್ಕೂ ಅನುಕೂಲವಾಗಬಹುದು ಎಂದಿದ್ದರು. “ಆದರೆ ನೆರಳಿಗೆ ಇದು ಬದಲಿಯಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ತಿನ್ನಬೇಕು. ಹನ್ನೆರಡು ವಾರವಾದರೂ ಆಗಬೇಕು,” ಎಂದು ಮೂರು ಸಲ ಹೇಳಿದ್ದರು. ಆ ಮೂರೂ ಸಲ ಚಂದ್ರಣ್ಣ ತೂಕಡಿಸುತ್ತಿದ್ದ. ಕಂಡಕ್ಟರ್ ಎಚ್ಚರವಾಗಿದ್ದ, ಅದು ಇನ್ನೂ ಅಪಾಯ.

“ಹನ್ನೆರಡು ವಾರ ಅಂದ್ರಲ್ಲೋ,” ಎಂದ ಚಂದ್ರಣ್ಣ.

“ಅಣ್ಣಾ, ಹದಿನೆಂಟು ವರ್ಷದಲ್ಲಿ ಎಷ್ಟು ಟ್ರಿಪ್ ಲೇಟಾಗಿ ಹೊರಟಿದೀಯ?”

“ಲೆಕ್ಕ ಇಟ್ಟಿಲ್ಲ.”

“ಎಷ್ಟು ಟ್ರಿಪ್ ಲೇಟಾಗಿ ಮುಟ್ಟಿದೀಯ?”

“ಒಂದೂ ಇಲ್ಲ,” ಎಂದ ಚಂದ್ರಣ್ಣ. ಅದು ನಿಜ. ನಲವತ್ತು ನಿಮಿಷ ತಡವಾಗಿ ಹೊರಟರೂ ಕೊನೆಯ ಸ್ಟಾಪನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಅವನ ಬದುಕಿನ ಒಂದೇ ಹೆಮ್ಮೆ.

“ಮತ್ತೆ? ಹೊಟ್ಟೆಗೂ ಅಷ್ಟೇ. ಲೇಟಾಗಿದೆ, ಕವರ್ ಮಾಡು.”

ಚಂದ್ರಣ್ಣನಿಗೆ ಆ ಮಾತು ನಾಲ್ಕೂ ಚಕ್ರದ ಮೇಲೆ ನಿಂತ ಹಾಗೆ ಕಂಡಿತು. ದಿನದ ಲೆಕ್ಕ ಹಿಡಿದರೆ ಎಂಬತ್ತನಾಲ್ಕು ಕ್ಯಾರೆಟ್ ಆಗುತ್ತಿತ್ತು, ಅಷ್ಟು ಅವನಿಗೂ ಹೆಚ್ಚೆನಿಸಿತು. ವಾರಕ್ಕೊಂದರಂತೆ ಹನ್ನೆರಡು ಎಂದು ಇಬ್ಬರೂ ಒಪ್ಪಿದರು. ಹನ್ನೆರಡು ಕ್ಯಾರೆಟ್, ಹನ್ನೆರಡು ಟೊಮೆಟೊ, ಹನ್ನೆರಡು ಕಪ್ ಮೊಸರು, ಹನ್ನೆರಡು ಹಿಡಿ ಬೇಯಿಸಿದ ಕಾಳು.

ಮೊದಲ ಟ್ರಿಪ್ಪು ಸುಖವಾಗಿ ಸಾಗಿತು. ಅವನ ಪಕ್ಕದ ಕಿಟಕಿ ವರ್ಷಗಟ್ಟಲೆ ಗಡಗಡ ಎನ್ನುತ್ತಿದ್ದದ್ದು ಇವತ್ತು ಸದ್ದಿಲ್ಲದೆ ಕೂತಿತ್ತು. ಕಂಡಕ್ಟರ್ ಬೆಳಿಗ್ಗೆಯೇ ಬಂದು ಅದರ ಸಂದಿಗೆ ಏನನ್ನೋ ತುರುಕಿ ಬಾಯಿ ಮುಚ್ಚಿಸಿದ್ದ. ಅದೂ ಒಳ್ಳೆಯ ಶಕುನವೆಂದೇ ಚಂದ್ರಣ್ಣ ಭಾವಿಸಿದ. ಬಸ್ಸು ನಿಂತ ಕಡೆಯೆಲ್ಲ ಅವನು ಕ್ಯಾರೆಟ್ ಕಡಿಯುತ್ತಿದ್ದ. ಹಿಂದಿನಿಂದ ಕಂಡಕ್ಟರ್ ಟಿಕೆಟ್ ಕೊಡುತ್ತಲೇ, “ಎಷ್ಟನೇ ವಾರ?” ಎಂದು ಕೂಗುತ್ತಿದ್ದ.

“ಐದು,” ಎಂದು ಚಂದ್ರಣ್ಣ ಬಾಯಿ ತುಂಬ ಉತ್ತರಿಸುತ್ತಿದ್ದ.

ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬರು ಇದನ್ನು ಕೇಳಿ ಕನಿಕರದಿಂದ, “ಐದನೇ ವಾರಾನಾ? ಮನೇಲಿ ಬಸುರಿ ಯಾರಪ್ಪಾ, ನಿನ್ನ ಮೊಮ್ಮಗಳಾ?” ಎಂದು ವಿಚಾರಿಸಿದರು. ಅವರು ಬಲಗಡೆಯ ಕನ್ನಡಿಯಲ್ಲಿ ಅವನ ಮುಖ ನೋಡಿದ್ದರು. ಚಂದ್ರಣ್ಣ ಇನ್ನೊಂದು ಕ್ಯಾರೆಟನ್ನು ಸಿಟ್ಟಿನಿಂದ ಮುರಿದ.

ಮಧ್ಯಾಹ್ನ ಕ್ಯಾಂಟೀನಿಗೆ ಬರುವ ಹೊತ್ತಿಗೆ ಹನ್ನೆರಡು ಕ್ಯಾರೆಟ್ ಮುಗಿದಿದ್ದವು. ಕ್ಯಾಂಟೀನಿನ ಅಕ್ಕ ಅವನ ಪಟ್ಟಿ ಕೇಳಿ ಸೌಟು ಕೆಳಗಿಟ್ಟಳು.

“ಹನ್ನೆರಡು ಕಪ್ ಮೊಸರು? ಯಾರ್ ಯಾರಿಗೆ?”

“ನಂಗೇ ಅಕ್ಕಾ.”

“ಇದು ಊಟ ಮಾಡೋ ಥರಾನಾ, ಲಾರಿಗೆ ಲೋಡ್ ಹಾಕೋ ಥರಾನಾ?”

“ನಾಲ್ಕು ಗಂಟೆಗೆ ಮುಖ ತೋರಿಸ್ಬೇಕು.”

“ಮುಖ ತೋರಿಸೋದಾದ್ರೆ ಹೊಟ್ಟೆ ಮೇಲೆ ಯಾಕೆ ಸಿಟ್ಟು?” ಎಂದಳು ಅಕ್ಕ. ಆದರೂ ಕೇಳಿದ್ದನ್ನು ಕೊಡದಿರುವುದು ಅವಳ ಜಾಯಮಾನವಲ್ಲ. ಎಣ್ಣೆಯಲ್ಲಿ ಹನ್ನೆರಡು ಟೊಮೆಟೊ ಬಾಡಿಸಿದಳು, ಕಾಳು ಬೇಯಿಸಿದಳು, ಮನೆಗೆಂದು ಹುಳಿ ಬರಿಸಿಟ್ಟಿದ್ದ ಎಲೆಕೋಸಿನ ಜಾಡಿಯನ್ನೂ ತಂದು ಮುಂದಿಟ್ಟಳು. “ಹೆಂಗೂ ಹೋಗೋದು ಹೋಗ್ತೀಯ, ಇದನ್ನೂ ತಿಂದು ಹೋಗು,” ಎಂದಳು.

ಕ್ಯಾಂಟೀನಿನಲ್ಲಿ ನೆರಳಿದ್ದದ್ದು ತಗಡಿನ ಕೆಳಗಿನ ಒಂದೇ ಬೆಂಚಿಗೆ. ಅಲ್ಲಿ ಗೊಣಗ ಕೂತಿದ್ದ. ಗೊಣಗ ಎಂದರೆ ಏಳನೇ ನಂಬರ್ ಬಸ್ಸಿನ ಚಾಲಕ. ಬಿಸಿಲಿದ್ದರೆ ಬಿಸಿಲೆಂದು, ಮೋಡವಿದ್ದರೆ ಸೆಕೆಯೆಂದು, ಎರಡೂ ಇಲ್ಲದಿದ್ದರೆ ಇನ್ನೇನು ಬರುತ್ತದೋ ಎಂದು ಗೊಣಗುವವನು. ಅವನ ಮುಖದಲ್ಲೂ ಒಂದೆರಡು ಸುಕ್ಕುಗಳಿದ್ದವು, ಆದರೆ ಚಂದ್ರಣ್ಣನ ಮುಂದೆ ಅವನು ಏನೇನೂ ಅಲ್ಲ.

“ಅಣ್ಣಾ, ಸ್ವಲ್ಪ ಆ ಬೆಂಚಿಗೆ ಹೋಗು. ನಾಲ್ಕು ಗಂಟೆವರೆಗೆ ನನ್ನ ಮುಖಕ್ಕೆ ಬಿಸಿಲು ಬೀಳಬಾರದು,” ಎಂದ ಚಂದ್ರಣ್ಣ.

“ನೆರಳೂ ನಿಂಗೇ ಆಗ್ಬೇಕು, ಮೊಸರೂ ನಿಂಗೇ ಆಗ್ಬೇಕು. ನಾವೇನು ಹುಟ್ಟಿದ್ದೇ ಒಣಗೋಕಾ,” ಎಂದು ಗೊಣಗುತ್ತ ಅವನು ಎದ್ದು ಬಯಲಿನ ಬೆಂಚಿಗೆ ಹೋಗಿ, ಮುಖ ಮೇಲೆ ಮಾಡಿ ಮಲಗಿ, ಒಂದೂವರೆ ಗಂಟೆ ಗೊರಕೆ ಹೊಡೆದ. ಚಂದ್ರಣ್ಣ ನೆರಳಿನಲ್ಲಿ ಕೂತು ಹನ್ನೆರಡು ವಾರವನ್ನು ಒಂದೊಂದಾಗಿ ಮುಗಿಸಿದ. ಒಂಬತ್ತನೇ ವಾರದಲ್ಲಿ ಒಮ್ಮೆ ಬೆಲ್ಟು ಸಡಿಲ ಮಾಡಿದ. ಹನ್ನೊಂದನೇ ವಾರದಲ್ಲಿ ಕಣ್ಣಲ್ಲಿ ನೀರು ಬಂತು. ಕಂಡಕ್ಟರ್ ಪಕ್ಕದಲ್ಲಿ ಕೂತು, “ಕೊನೇ ಸ್ಟಾಪ್ ಬಂತು ಅಣ್ಣಾ, ಇನ್ನೊಂದೇ,” ಎಂದು ಬೆನ್ನು ಸವರಿದ.

ಎರಡು ಗಂಟೆಯ ಟ್ರಿಪ್ಪಿನಲ್ಲಿ ಮೊದಲ ಸದ್ದು ಕೇಳಿಸಿತು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿದ್ದಾಗ ಮುಂಭಾಗದಿಂದ ಗುಡುಗುಡು ಎಂದಿತು. ಪ್ರಯಾಣಿಕರೊಬ್ಬರು, “ಗೇರ್‌ಬಾಕ್ಸ್ ಹೋಗಿರೋ ಹಾಗಿದೆಯಲ್ಲ ಕಂಡಕ್ಟ್ರೇ,” ಎಂದರು. ಕಂಡಕ್ಟರ್ ಕಿವಿಗೊಟ್ಟು ಕೇಳಿ, ಅನುಭವಸ್ಥನಂತೆ ತಲೆಯಾಡಿಸಿ, “ಹೂಂ ಸಾರ್, ಹಳೇ ಗಾಡಿ,” ಎಂದ. ಚಂದ್ರಣ್ಣನ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಒಳಗೆ ಒಳ್ಳೆಯ ಸೂಕ್ಷ್ಮಜೀವಿಗಳೆಲ್ಲ ಹನ್ನೆರಡು ವಾರದ ಡ್ಯೂಟಿಯನ್ನು ಒಂದೇ ಪಾಳಿಯಲ್ಲಿ ಮಾಡಿಸಿದ್ದಕ್ಕೆ ಮುಷ್ಕರ ಹೂಡಿದ್ದವು. ಆ ದಿನ ಬಸ್ಸು ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಹನ್ನೊಂದು ನಿಮಿಷ ಮೊದಲೇ ಡಿಪೋ ಮುಟ್ಟಿತು. ಬಸ್ಸು ನಿಂತ ಮೇಲೆ ಚಾಲಕ ಎಲ್ಲಿ ಹೋದನೆಂದು ಪ್ರಯಾಣಿಕರಿಗೆ ಗೊತ್ತಾಗಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಮುಖ ತೊಳೆದುಕೊಂಡು ಕನ್ನಡಿ ನೋಡಿದ. ಬಲಗೆನ್ನೆ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಇನ್ನು ಒಂದೇ ದಾರಿ ಎಂದು ಅವನು ತೀರ್ಮಾನಿಸಿದ: ಮಗಳು ಹೇಳಿಕೊಟ್ಟ ದಾರಿ.

ಮ್ಯಾನೇಜರ್ ಕೊಠಡಿಗೆ ಅವನು ಏಡಿಯ ಹಾಗೆ ಅಡ್ಡಡ್ಡವಾಗಿ ನಡೆದು, ಬಲಗಡೆಯ ಗೋಡೆಯನ್ನು ಸವರಿಕೊಂಡೇ ಒಳಗೆ ಬಂದ. ಬಲಗೆನ್ನೆಗೆ ಕರವಸ್ತ್ರ ಒತ್ತಿ ಹಿಡಿದಿದ್ದ. ಮೇಜಿನ ಹಿಂದೆ ಮ್ಯಾನೇಜರ್, ಚರ್ಮದ ಡಾಕ್ಟರು ಮತ್ತು ಆವತ್ತು ಭಾಷಣ ಮಾಡಿದ್ದ ಆಹಾರದ ಮೇಡಂ ಮೂವರೂ ಕೂತಿದ್ದರು.

“ಕೆನ್ನೆಗೆ ಏನಾಗಿದೆ?” ಎಂದು ಡಾಕ್ಟರು ಕೇಳಿದರು.

“ಹಲ್ಲುನೋವು ಸಾರ್. ನೀವು ಈ ಕಡೆ ನೋಡಿ.”

ಡಾಕ್ಟರು ಎದ್ದು ಬಂದು ಎಡಗೆನ್ನೆಯ ಮೇಲೆ ದೀಪ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, “ಎಷ್ಟು ವರ್ಷ ಸರ್ವೀಸು?” ಎಂದರು.

“ಹದಿನೆಂಟು ಸಾರ್.”

“ಹದಿನೆಂಟು ವರ್ಷ ಬಿಸಿಲಲ್ಲಿದ್ರೂ ಒಂದು ಸುಕ್ಕಿಲ್ವಲ್ಲ.”

ಚಂದ್ರಣ್ಣ ಎಡಗೆನ್ನೆಯನ್ನು ಇನ್ನಷ್ಟು ಮುಂದಕ್ಕೆ ಚಾಚಿದ. ಆಹಾರದ ಮೇಡಂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ನೀವು ನಾನು ಹೇಳಿದ್ದನ್ನೇನಾದ್ರೂ ತಿಂತಿದೀರಾ?”

“ಎಲ್ಲಾ ತಿಂದಿದೀನಿ ಮೇಡಂ. ಹನ್ನೆರಡು ವಾರದ್ದು.”

“ನಾನು ಬಂದು ಹೋಗಿ ಮೂರು ವಾರ ತಾನೇ ಆಗಿರೋದು?”

“ಸ್ವಲ್ಪ ಸ್ಪೀಡಾಗಿ ತಿಂದೆ.”

ಮೇಡಂ ನಕ್ಕು, ಅವನು ಮೊದಲಿನಿಂದಲೇ ಹಿತಮಿತವಾಗಿ ತಿನ್ನುವ ಮನುಷ್ಯನಿರಬೇಕೆಂದು ಭಾವಿಸಿ ಏನನ್ನೋ ಬರೆದುಕೊಂಡರು. ಡಾಕ್ಟರು ದೀಪವನ್ನು ಇನ್ನೊಂದು ಕೈಗೆ ಬದಲಾಯಿಸಿ, “ಎಲ್ಲಿ, ಕರವಸ್ತ್ರ ತೆಗೀರಿ. ಆ ಕಡೆ ಮುಖ್ಯ. ಕಿಟಕಿ ಕಡೆ ಅದೇ ಅಲ್ವಾ,” ಎಂದರು.

ಸರಿಯಾಗಿ ಆಗಲೇ ಹುಳಿ ಎಲೆಕೋಸು ತನ್ನ ಸರದಿ ಬಂತೆಂದು ಎದ್ದು ನಿಂತಿತು. ಕೊಠಡಿಯಲ್ಲಿ ಗುಡುಗುಡು ಎಂಬ ಸದ್ದು ತುಂಬಿತು. ಮ್ಯಾನೇಜರ್ ಕಿಟಕಿಯಿಂದ ಹೊರಗೆ ನೋಡಿ, “ಯಾವ ಬಸ್ಸದು?” ಎಂದರು. ಚಂದ್ರಣ್ಣ “ಒಂದು ನಿಮಿಷ ಸಾರ್” ಎಂದವನೇ ಕರವಸ್ತ್ರವನ್ನು ಕೆನ್ನೆಗೆ ಒತ್ತಿಕೊಂಡೇ ಓಡಿದ. ಆ ಒಂದು ನಿಮಿಷ ಇಪ್ಪತ್ತೈದು ನಿಮಿಷವಾಯಿತು. ಅವನು ಗೋಡೆ ಹಿಡಿದುಕೊಂಡು ವಾಪಸು ಬಂದಾಗ ಡಾಕ್ಟರ ಕಾರು ಗೇಟು ದಾಟುತ್ತಿತ್ತು. ಬೋರ್ಡಿನ ಮುಂದೆ ಜನ ಸೇರಿದ್ದರು.

ಹೊಸ ಬಸ್ಸು ಗೊಣಗನಿಗೆ ಸಿಕ್ಕಿತ್ತು.

ಗೊಣಗ ಅಲ್ಲೇ ನಿಂತಿದ್ದ. ಮಧ್ಯಾಹ್ನದ ನಿದ್ದೆಯಲ್ಲಿ ಅವನ ಮುಖ ಬೆಂದು ಕೆಂಪಗೆ ಊದಿಕೊಂಡು, ಮೂಗಿನ ಮೇಲಿನ ಸಿಪ್ಪೆ ಏಳುವ ಹಾಗಿತ್ತು. “ಬಿಸಿಲು ತಡೆಯಕ್ಕಾಗಲ್ಲ ಅಂತ ದೂರು ಹೇಳೋಕೆ ಹೋಗಿದ್ದೆ. ಮುಖ ನೋಡಿ ಅಯ್ಯೋ ಅಂದು ಬಸ್ ಕೊಟ್ಬಿಟ್ರು. ಎ.ಸಿ. ಅಂತೆ, ನಂಗೆ ಶೀತ ಆಗುತ್ತೆ,” ಎಂದು ಗೊಣಗಿದ.

ಬೋರ್ಡಿನಲ್ಲಿ ಗೊಣಗನ ಹೆಸರಿನ ಕೆಳಗೆ ಇನ್ನೊಂದು ಸಾಲಿತ್ತು. ಬಿಸಿಲಿನಿಂದ ಯಾವ ತೊಂದರೆಯೂ ಆಗದ ಚರ್ಮವುಳ್ಳ ಚಾಲಕರೆಂದು ಡಾಕ್ಟರು ಕಂಡಷ್ಟು ಮುಖವನ್ನೇ ನೋಡಿ ಬರೆದುಕೊಟ್ಟಿರುವುದರಿಂದ ಚಂದ್ರಣ್ಣನನ್ನು ನಾಳೆಯಿಂದ ಏಳನೇ ನಂಬರಿಗೆ ಹಾಕಲಾಗಿದೆ. ತಮ್ಮ ಆಹಾರಕ್ರಮದ ಬಗ್ಗೆ ಅವರು ಮುಂದಿನ ತಿಂಗಳು ಎಲ್ಲ ಚಾಲಕರಿಗೆ ಭಾಷಣ ಮಾಡುವರು. ಏಳನೇ ನಂಬರ್ ಬಸ್ಸಿನ ದಾರಿಯಲ್ಲಿ ಒಂದು ಮರವೂ ಇಲ್ಲ. ಮಧ್ಯಾಹ್ನದ ಮೇಲೆ ಸೂರ್ಯ ಮೂರು ಗಂಟೆ ಚಾಲಕನ ಕಿಟಕಿಯ ಪಕ್ಕದಲ್ಲೇ, ಟಿಕೆಟ್ ತೆಗೆದುಕೊಳ್ಳದೆ, ಜೊತೆಗೇ ಬರುತ್ತಾನೆ.

“ಆ ಸುಟ್ಟ ಮುಖಕ್ಕೆ ಕೊಟ್ರು, ನಂಗೆ ಕೊಡ್ಲಿಲ್ಲ. ಇದ್ಯಾವ ನ್ಯಾಯ?” ಎಂದು ಚಂದ್ರಣ್ಣ ತನ್ನ ಹಳೆಯ ಬಸ್ಸಿನ ಸೀಟಿನಲ್ಲಿ ಕುಸಿದು, ಕಿಟಕಿಗೆ ಒಂದು ಗುದ್ದು ಕೊಟ್ಟ. ಗಾಜು ಗಡಗಡ ಎಂದಿತು. ಸಂದಿಯಿಂದ ನಾಲ್ಕಾಗಿ ಮಡಚಿದ ಒಂದು ಕಾಗದ ಉದುರಿ ಅವನ ತೊಡೆಯ ಮೇಲೆ ಬಿತ್ತು. ಬಿಡಿಸಿ ನೋಡಿದ. ಡಿಪೋದ ಟೈಪು ಅಕ್ಷರ, ಮೇಲ್ಗಡೆ ಹರಿದಿತ್ತು.

‘ಬಿಸಿಲಿನಿಂದ ಯಾರ ಚರ್ಮ ಹೆಚ್ಚು ಹಾಳಾಗಿದೆಯೋ ಅವರಿಗೇ ಈ ಬಸ್ಸನ್ನು ಕೊಡುವರು. ಆದುದರಿಂದ ಯಾರೂ ಸಂಕೋಚಪಡದೆ ಮುಖವನ್ನು ಪೂರ್ತಿಯಾಗಿ ತೋರಿಸತಕ್ಕದ್ದು.’

ಚಂದ್ರಣ್ಣ ಅದನ್ನು ಎರಡು ಸಲ ಓದಿದ. ಇಡೀ ದಿನ ಅದು ಅವನ ಬಲಗೆನ್ನೆಯಿಂದ ಒಂದು ಗೇಣು ದೂರದಲ್ಲಿತ್ತು.

“ಇದನ್ನ ಎಲ್ಲಿಂದ ತಂದೆ?” ಎಂದ.

“ಬೋರ್ಡಿಂದ,” ಎಂದ ಕಂಡಕ್ಟರ್. “ಕಿಟಕಿ ಸದ್ದಿಗೆ ನಿಂಗೆ ತಲೆನೋವು ಬರುತ್ತಲ್ಲಾ ಅಂತ ಹರ್ಕೊಂಡು ಬಂದೆ. ಯಾಕೆ, ಏನಾದ್ರೂ ಬರೆದಿದಾರಾ?”

ಚಂದ್ರಣ್ಣ ಕಾಗದವನ್ನು ಮತ್ತೆ ಮಡಚಿ ಸಂದಿಗೆ ತುರುಕಿದ.

ಮನೆ ಸೇರುವಷ್ಟರಲ್ಲಿ ಇನ್ನೂ ಮೂರು ಕಡೆ ಇಳಿದು ಓಡಬೇಕಾಯಿತು. ಬಾಗಿಲು ತೆಗೆದ ಹೆಂಡತಿ ಅವನನ್ನು ನೋಡಿ ಗಾಬರಿಯಾಗಿ, “ಏನ್ರೀ ಇದು, ಬೆಳಿಗ್ಗೆ ಹೋದೋರೇನಾ ನೀವು?” ಎಂದು ಉಪ್ಪು ಸಕ್ಕರೆ ನೀರು ಕಲಸಲು ಒಳಗೆ ಓಡಿದಳು. ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ನಾಳೆಯ ಸಭೆಗೆ ಹೋಗುವುದು ಬೇಡ, ಹೆಂಡತಿಯನ್ನೇ ಕಳಿಸೋಣ ಎಂದುಕೊಂಡ. ಹಾಗೆ ಅಂದುಕೊಂಡಾಗ ಅವನಿಗೆ ನಿಜವಾಗಿ ಅಳು ಬಂತು.

ಮಗಳು ಬಂದು ಎದುರಿಗೆ ನಿಂತಳು. ಅವನ ಗಲ್ಲ ಹಿಡಿದು ಮುಖವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ, ಡಾಕ್ಟರಿಗಿಂತ ಹೆಚ್ಚು ಹೊತ್ತು ಪರೀಕ್ಷಿಸಿದಳು. ಎಡಗೆನ್ನೆ ಒಳಕ್ಕೆ ಹೋಗಿ, ಕಣ್ಣಿನ ಕೆಳಗೆ ಕಪ್ಪಾಗಿ ಚೀಲ ಬಿದ್ದಿತ್ತು.

“ಅಪ್ಪಾ, ನಾಳೆ ನೀನೇ ಬಾ,” ಎಂದಳು.

“ಗೋಡೆ ಪಕ್ಕ ಕೂರ್ಲಾ ಪುಟ್ಟಿ?”

“ಬೇಡಪ್ಪ. ಈಗ ಎಲ್ಲಿ ಬೇಕಾದ್ರೂ ಕೂತ್ಕೋ. ಎರಡೂ ಕಡೆಯಿಂದ ತಾತನೇ.”